ಕೇದಾರದ ಬೆಳಗು, ಲೆನ್ಸಿನ ನೀರು

ಸವಣೂರಿನ ಅಕ್ಕನ ಮನೆಯಲ್ಲಿ ಈ ಕಥೆ ಬೇರೆ ಥರ ನಡೆಯುತ್ತದೆ. ಅಲ್ಲಿ ನಾನು ಲಿಂಗದ ತೀರ್ಥವನ್ನು ಕಣ್ಣಿಗೆ ಬಿಟ್ಟುಕೊಳ್ಳುತ್ತೇನೆ, ಕಣ್ಣು ತಿಳಿಯಾಗುತ್ತದೆ, ಅಕ್ಕನ ಕೈ ಹಿಡಿದು ಹಿಮದಲ್ಲಿ ಇಳಿಸಿ ತರುತ್ತೇನೆ. ಬಂದವರು ಅವಲಕ್ಕಿ ತಿನ್ನುತ್ತ ಕೇಳುತ್ತಾರೆ. ಎದುರಿಗೇ ಕೂತಿರುವ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನನ್ನ ನೆನಪು ಅಷ್ಟು ಚೊಕ್ಕವಾಗಿಲ್ಲ. ಅಲ್ಲಲ್ಲಿ ಹರಿದಿದೆ, ಹರಿದಲ್ಲಿ ತೇಪೆ ಹಾಕುವುದಿಲ್ಲ.

ನನ್ನ ಎರಡೂ ಕಣ್ಣಿನ ಮುಂಭಾಗ ಚೂಪಾಗಿ ಉಬ್ಬಿದೆ. ಕನ್ನಡಕದಿಂದ ಉಪಯೋಗವಿಲ್ಲ. ಪುಟ್ಟ ಬಟ್ಟಲಿನಂಥ ಗಟ್ಟಿ ಲೆನ್ಸಿನಲ್ಲಿ ಔಷಧಿ ಅಂಗಡಿಯ ಶುದ್ಧ ಉಪ್ಪುನೀರು ತುಂಬಿ, ತಲೆ ಬಗ್ಗಿಸಿ, ಚೆಲ್ಲದ ಹಾಗೆ ಕಣ್ಣಿಗೆ ಒತ್ತಿಕೊಳ್ಳಬೇಕು. ನೀರಿಲ್ಲದೆ ಲೆನ್ಸಿಲ್ಲ. ಲೆನ್ಸಿಲ್ಲದಿದ್ದರೆ ನನಗೆ ಕಾಣುವುದು ಬಣ್ಣದ ಕಲೆಗಳು ಮಾತ್ರ. ಅಕ್ಕನದು ಕಾಲು. ತಡಸದ ಹತ್ತಿರ ಬೈಕಿನಿಂದ ಬಿದ್ದು ಬಲಪಾದದ ಕೀಲು ಮುರಿದಿತ್ತು. ಒಳಗೆ ಸ್ಟೀಲಿನ ಪಟ್ಟಿ, ಸ್ಕ್ರೂಗಳು. ಅದೇ ಕಾಲಿನ ಮೇಲೆ ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆದರೂ ಹೋದೆವು. ದೀಪಾವಳಿಯ ನಂತರ ಕೇದಾರದ ಬಾಗಿಲು ಮುಚ್ಚುತ್ತದೆ, ಅಷ್ಟರೊಳಗೆ ದರ್ಶನ ಆಗಬೇಕೆಂಬುದು ಅಕ್ಕನ ಹಟ. ಹಿರೇಕೆರೂರಿನ ಬೀಜದ ವ್ಯಾಪಾರಿಯೊಬ್ಬರು ಹಾನಗಲ್ಲಿನಿಂದ, ಶಿಗ್ಗಾವಿಯಿಂದ ಜನ ಕೂಡಿಸಿಕೊಂಡು ಹೊರಟಿದ್ದರು. ಹೆಲಿಕಾಪ್ಟರಿನಲ್ಲಿ ಹತ್ತುವುದು, ಅದರಲ್ಲೇ ಇಳಿಯುವುದು, ಅಕ್ಕನ ಕಾಲಿಗೆ ಕೆಲಸವೇ ಇಲ್ಲ ಎಂದು ಅವರು ಮಾತು ಕೊಟ್ಟಿದ್ದರು.

ಹೆಲಿಕಾಪ್ಟರಿನಲ್ಲಿ ಹೋಗಿ, ದರ್ಶನ ಮುಗಿಸಿ ಮೇಲೆ ಉಳಿದ ದಿನ ಸಂಜೆಯೇ ಬಕೆಟ್ಟಿನ ನೀರಿನ ಮೇಲೆ ಕೆನೆಯಂತೆ ಮಂಜುಗಡ್ಡೆ ಕಟ್ಟಿತು. ಲೆನ್ಸಿನ ಡಬ್ಬಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡೆ. ಉಪ್ಪುನೀರಿನ ಬಾಟಲಿಯನ್ನು ಅಕ್ಕನ ಕಂಬಳಿಯಲ್ಲಿ, ಅವಳ ಮೈಗೆ ತಾಗುವಂತೆ ಇಟ್ಟೆ. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಅವಳ ಎದೆಯ ಮೇಲೆ ಚುರುಗುಟ್ಟುತ್ತಿತ್ತು. ಕೊರಳಿನಿಂದ ತೆಗೆಯುವ ಪ್ರಶ್ನೆಯೇ ಇಲ್ಲ. ಬಟ್ಟೆ ಸುತ್ತಿಕೊಂಡಳು.

"ಕಾಲಾಗ ಲೋಖಂಡ, ಕೊರಳಾಗ ಬೆಳ್ಳಿ," ಎಂದಳು. "ಊರ ಥಂಡಿ ಎಲ್ಲಾ ನನ್ನ ಹೆಸರಿಗೆ ಬರದಾನ ಶಿವ."

ಬೆಳಿಗ್ಗೆ ವ್ಯಾಪಾರಿ ಬಾಗಿಲು ಬಡಿದರು. "ಅಕ್ಕಾರ, ಹೆಲಿಕಾಪ್ಟರ್ ಹಾರೂದಿಲ್ಲಂತ್ರಿ. ಮೋಡ ಕವದೈತಿ. ಹಿಮ ಜೋರಾಗೂದ್ರಾಗ ಇಳದ ಬಿಡಬೇಕು. ಕೆಳಗ ಹಿಮ ಮುಗಿಯೂ ಕಡೆ ಮಂದೀನ ಹೊತ್ತೊಯ್ಯೂ ದೋಲಿ ಸಿಗ್ತಾವಂತ. ಅಲ್ಲೀತನಕ ನಡೀಬೇಕ್ರಿ."

ನಾನು ಬಾಟಲಿಗೆ ಕೈ ಹಾಕಿದೆ. ಹಗುರವಾಗಿತ್ತು.

"ಅಕ್ಕ, ಇದರಾಗಿನ ನೀರೆಲ್ಲಿ?"

"ಪೂಜಿಗೆ ತಗೊಂಡ್ನಿ."

ನಾನು ಬಾಟಲಿ ಅಲ್ಲಾಡಿಸಿದ್ದನ್ನು ಕಂಡು ಅವಳೇ ಮುಂದುವರಿಸಿದಳು. "ಬಕೆಟಿನ್ಯಾಗಿನ ನೀರು ಕಲ್ಲಾಗೈತಿ. ಯಾರೂ ಒಲಿ ಹಚ್ಚಿಲ್ಲ. ಕಾಲು ಒಳಗಿಂದ ಕೊರಿಯಾಕತ್ತಿತ್ತು, ಪೂಜಿ ಇಲ್ಲದ ಗುಳಿಗಿ ಹೆಂಗ ನುಂಗ್ಲಿ? ಕಣ್ಣಿಗೆ ಹಾಕೂ ನೀರು ಅಂದಮ್ಯಾಲ ಶುದ್ಧನ ಇರ್ತೈತಲ್ಲ."

ಶುದ್ಧವೇ ಇತ್ತು. ಚೀಲದಲ್ಲಿದ್ದ ಇನ್ನೊಂದು ಬಾಟಲಿ ಹೆಪ್ಪುಗಟ್ಟಿ ಸೀಳಿತ್ತು. ಔಷಧಿ ಕೊಡುವ ಜಾಗ ಇನ್ನೂ ತೆರೆದಿರಲಿಲ್ಲ, ಹೊರಗೆ ನಮ್ಮವರು ಚೀಲ ಹೆಗಲಿಗೇರಿಸಿ ಕಾಯುತ್ತಿದ್ದರು. ತಳದಲ್ಲಿ ಉಳಿದದ್ದನ್ನು ಹಿಂಡಿದೆ. ಒಂದು ಲೆನ್ಸು ತುಂಬಿತು. ಎಡಗಣ್ಣಿಗೆ ಹಾಕಿಕೊಂಡೆ.

ಅಕ್ಕ ಪೂಜೆಯ ತಾಮ್ರದ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಲಿಂಗದ ಮೇಲಿಂದ ಇಳಿದ ನೀರು, ತಳದಲ್ಲಿ ವಿಭೂತಿಯ ಬೂದಿ.

"ತಗೋ. ನಿನ್ನ ನೀರ ಐತಿ. ಈಗ ತೀರ್ಥ ಆಗೇತಿ."

"ಬ್ಯಾಡಕ್ಕ. ವಿಭೂತಿ ಐತಿ ಅದರಾಗ. ಲೆನ್ಸಿನ ಕೆಳಗ ಸಿಕ್ರ ಕಣ್ಣು ಕೆರೀತೈತಿ."

"ಲಿಂಗದ ಮ್ಯಾಲಿಂದ ಬಂದದ್ದು ಕಣ್ಣು ಕೆರೀತೈತಿ?"

ನಾನು ಬಟ್ಟಲು ಮುಟ್ಟಲಿಲ್ಲ. ಅವಳು ಅದನ್ನೆತ್ತಿ ಅಷ್ಟನ್ನೂ ಕುಡಿದಳು, ಒದ್ದೆ ಬೆರಳನ್ನು ನೆತ್ತಿಗೆ ಒರೆಸಿಕೊಂಡಳು. ಆಮೇಲೆ ಮಾತು ನಿಲ್ಲಿಸಿದಳು.

ಹೊರಗೆ ವ್ಯಾಪಾರಿ ನಮ್ಮಿಬ್ಬರನ್ನು ನೋಡಿ, "ಕುರುಡಿ-ಕುಂಟಿ ಕಥಿ ಆತಲ್ರಿ ನಿಮ್ಮದು," ಎಂದು ನಕ್ಕರು. ಆ ಕಥೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ದಾರಿ ಹೇಳುತ್ತಾರೆ. ನಾವು ಹಾಗಿರಲಿಲ್ಲ. ಅಕ್ಕ ನನ್ನ ತೋಳು ಹಿಡಿದಿದ್ದಳು, ಬೇಲಿಯ ಗೂಟ ಹಿಡಿದಂತೆ.

ಒಂದೇ ಕಣ್ಣಿನಲ್ಲಿ ನೋಡಿದರೆ ಮೆಟ್ಟಿಲಿಗೆ ಆಳವಿರುವುದಿಲ್ಲ ಎಂದು ನನಗೆ ಅಂದೇ ತಿಳಿದದ್ದು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಮಟ್ಟ. ಗಾಳಿಗೆ ಕಣ್ಣು ಒಣಗುತ್ತಿತ್ತು. ಮಿಟುಕಿಸಿದರೆ ಲೆನ್ಸು ಜಾರೀತೆಂಬ ಭಯ, ಮಿಟುಕಿಸದಿದ್ದರೆ ಉರಿ. ಮುಂದಿದ್ದವರು ದೂರವಾದರು. ಹಿಮ ಸಣ್ಣಗೆ ಶುರುವಾಗಿತ್ತು. ಮೆಟ್ಟಿಲಿದೆ ಎಂದು ಕಾಲಿಟ್ಟೆ. ಮೆಟ್ಟಿಲಿರಲಿಲ್ಲ.

ಇಲ್ಲಿ ನೆನಪು ಹರಿದಿದೆ. ನಾನು ಕುಂಡೆಯ ಮೇಲೆ ಬಿದ್ದದ್ದು ನಿಜ, ನೋವು ಎಷ್ಟೋ ದಿನ ಇತ್ತು. ಅಕ್ಕನ ಭಾರ ನನ್ನ ಮೇಲೆ ಬಂತು. ಅವಳ ಬಲಗಾಲು ಮಾತ್ರ ಗಾಳಿಯಲ್ಲಿತ್ತು. ಬೀಳುವಾಗಲೂ ಆ ಕಾಲನ್ನು ಎತ್ತಿ ಹಿಡಿದಿದ್ದಳು. ತಾನು ಬೀಳಲೇ ಇಲ್ಲ ಎನ್ನುತ್ತಾಳೆ ಅವಳು. ನನಗೆ ಆ ಕಂದು ಬೂಟು ಮುಖದ ಹತ್ತಿರವೇ ಅಲುಗುತ್ತಿದ್ದದ್ದು ಕಾಣುತ್ತದೆ.

"ತಗ್ಗ ಐತಿ ಅಂತ ನನಗ ಕಂಡಿತ್ತು," ಎಂದಳು ಅಕ್ಕ.

"ಮತ್ತ ಹೇಳಲಿಲ್ಲ ಯಾಕ?"

"ಸಿಟ್ಟಿತ್ತು."

"ಈಗ?"

"ಈಗೂ ಐತಿ. ಏಳು."

ಅಲ್ಲಿಂದ ಮುಂದೆ ಅವಳು ಬೈಯುವ ದನಿಯಲ್ಲಿ ಪ್ರತಿ ಮೆಟ್ಟಿಲನ್ನೂ ಹೇಳಿದಳು. ದೊಡ್ಡದು. ಸಣ್ಣದು. ಇದು ಜಾರ್ತೈತಿ, ಅಡ್ಡ ಇಡು. ಅಲ್ಲ, ಆ ಕಡೆ, ಅಷ್ಟೂ ತಿಳಿಯಂಗಿಲ್ಲೇನು ನಿನಗ. ನಾನು ಅವಳು ಹೇಳಿದಲ್ಲಿ ಕಾಲಿಟ್ಟೆ, ಗಟ್ಟಿಯಾಗಿದೆ ಎಂದು ನಾನು ಹೇಳಿದ ಮೇಲೆ ಅವಳು ಬಲಗಾಲು ಇಳಿಸಿದಳು. ನೋವಾದಾಗ ಅವಳ ಉಗುರು ನನ್ನ ಸ್ವೆಟರಿನೊಳಕ್ಕೂ ನಾಟುತ್ತಿತ್ತು. ಎಷ್ಟು ಹೊತ್ತು ಹಾಗೆ ಇಳಿದೆವೆಂಬುದು ಇಬ್ಬರಿಗೂ ಗೊತ್ತಿಲ್ಲ.

ಹಿಮ ತೆಳುವಾಗಿ ಕಲ್ಲು ಕಾಣಿಸಿತು. ದೋಲಿಯವರು ಬೀಡಿ ಸೇದುತ್ತ ಕೂತಿದ್ದರು. ಅಕ್ಕನನ್ನು ಒಂದು ಬಂಡೆಯ ಮೇಲೆ ಕೂರಿಸಿ ಬೂಟು, ಕಾಲುಚೀಲ ಬಿಚ್ಚಿದೆ. ಪಾದ ಬಾತಿತ್ತು. ಚರ್ಮದ ಕೆಳಗೆ ಸ್ಕ್ರೂಗಳ ತಲೆಗಳು ಬೆರಳಿಗೆ ಹತ್ತುತ್ತಿದ್ದವು, ಅಲ್ಲಿ ಮಾತ್ರ ಹೆಚ್ಚು ತಣ್ಣಗೆ. ಅಥವಾ ನನ್ನ ಬೆರಳೇ ತಣ್ಣಗಿತ್ತೋ ಏನೋ.

"ಕೂಡ್ರು, ದೋಲಿ ಇಲ್ಲಿಗೇ ತರ್ತಾರ," ಎಂದೆ.

ಅವಳು ನನ್ನ ಕೈ ಸರಿಸಿ ಎದ್ದಳು. ಒಂದು ಹೆಜ್ಜೆ ಇಟ್ಟು ನಿಂತಳು. ನಾನು ಲೆನ್ಸಿಲ್ಲದ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಕಾಣುವ ಕಣ್ಣಿನಿಂದ ಅವಳ ಪಾದವನ್ನಷ್ಟೇ ನೋಡುತ್ತಿದ್ದೆ. ಬಲಗಾಲು ನೆಲಕ್ಕೆ ಊರಿತು, ಕುಸಿಯಲಿಲ್ಲ. ಮತ್ತೆ ಊರಿತು.