ಸೂಜಿ ತುದಿಯ ಹನಿಯೊಳಗೆ

ಹೋದ ವಾರ ಯಾರೋ ಅಟ್ಟದಿಂದ ಇಳಿಸಿದ ಹಳೇ ಪಿಕ್ಚರ್ ಟ್ಯೂಬ್ ಟಿವಿಯೊಂದನ್ನು ಅಂಗಡಿಗೆ ತಂದಿಟ್ಟರು. ಹಿಂದಿನ ಮುಚ್ಚಳ ಬಿಚ್ಚಿ ಸ್ವಿಚ್ ಹಾಕಿದೆ. ಕೈಮೇಲಿನ ಕೂದಲು ನಿಮಿರಿತು. ಕಾದ ಧೂಳಿನ ಜೊತೆ ಹೈವೋಲ್ಟೇಜಿನ ಆ ಚುರುಕು ವಾಸನೆ... ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಒಂದು ಕೈ ದೂರವಿದ್ದರೆ ಕರೆಂಟು ಎದೆ ಹಾಯುವುದಿಲ್ಲ. ನಮ್ಮ ಕಸುಬಿನ ಮೊದಲ ಪಾಠ ಅದು. ಆ ವಾಸನೆಗೆ ಮಿಸ್ ನೆನಪಾದರು.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಜೋಗುಪಾಳ್ಯದ ನನ್ನ ಅಂಗಡಿಗೆ ಬಂದ ಟಿವಿ ಸರಿಯಾಗದೆ ವಾಪಸ್ ಹೋಗುತ್ತಿರಲಿಲ್ಲ. ಮಿಸ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ, ಪುಲಿಕೇಶಿನಗರದ ಹಳೇ ಮನೆಯಲ್ಲಿ ಒಬ್ಬರೇ ಇದ್ದರು. ಬೀದಿಗೆಲ್ಲ ಅವರು ಮಿಸ್ಸೇ. ಟಿವಿಯ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹಾಕಿ, ವೋಲ್ಟೇಜ್ ಏರಿಸಿ ಇಳಿಸುವಂಥ ಒಂದು ಪೆಟ್ಟಿಗೆ ಮಾಡಿಕೊಡು ಎಂದು ಬಂದರು.

"ಯಾರಿಗೆ ಶಾಕ್ ಕೊಡ್ಬೇಕು ಮಿಸ್?"

"ಒಂದು ಹನಿಗೆ. ನಿನ್ನ ಬಾಯಿ ಜಾಸ್ತಿ ಆದ್ರೆ ನಿನಗೂ."

ಪೆಟ್ಟಿಗೆ ಹೊತ್ತು ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಎಲ್ಲ ಸಿದ್ಧವಿತ್ತು. ಸ್ಟ್ಯಾಂಡಿಗೆ ಕಟ್ಟಿದ ಸಿರಿಂಜು, ತುದಿ ಉಜ್ಜಿ ಚಪ್ಪಟೆ ಮಾಡಿದ ಸೂಜಿ, ಕೆಳಗೆ ತಗಡು, ಹಿಂದೆ ದೀಪ, ಮುಂದೆ ದೊಡ್ಡ ಲೆನ್ಸು. ಸಿರಿಂಜಿನೊಳಗೆ ಸ್ಪಿರಿಟ್ಟು, ಅದರಲ್ಲಿ ಮುಖಕ್ಕೆ ಹಚ್ಚುವ ಪೌಡರ್ ಚಿಟಿಕೆ.

"ಕರೆಂಟಿಗೆ ಹನಿ ಏನಾಗುತ್ತೆ ಅಂತ ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದಿದ್ದೀನಪ್ಪ, ಒಂದ್ಸಲಾನೂ ನೋಡಿಲ್ಲ. ಈಗ ಕಣ್ಣೇ ಹೋಗ್ತಿದೆ. ನೇರ ನೋಡಿದ್ದು ಮಾಯ ಆಗುತ್ತೆ, ಪಕ್ಕದ್ದು ಮಾತ್ರ ಕಾಣುತ್ತೆ. ನೀನು ನೋಡಿ ಹೇಳು."

"ಏನು ಕಾಣ್ಬೇಕು ಮಿಸ್?"

"ಹೇಳಲ್ಲ. ಹೇಳಿದ್ರೆ ನೀನು ಅದನ್ನೇ ನೋಡ್ತೀಯ."

ಪೆಟ್ಟಿಗೆಯ ಒಂದು ತಂತಿ ಸೂಜಿಗೆ, ಇನ್ನೊಂದು ತಗಡಿಗೆ ಸಿಕ್ಕಿಸಿ ವೋಲ್ಟೇಜ್ ನಿಧಾನವಾಗಿ ಏರಿಸಿದೆ. ಸೂಜಿಯ ತುದಿಯ ದುಂಡು ಹನಿ ನೀಳವಾಯಿತು, ಚೂಪಾಯಿತು. ತಲೆಕೆಳಗಾದ ಪುಟ್ಟ ಗೋಪುರ! ಅದರ ಮೊನೆಯಿಂದ ಕೂದಲಿಗಿಂತ ಸಣ್ಣ ಎಳೆಯೊಂದು ಹೊರಟು ಮಂಜಾಗಿ ಹರಡಿತು. ಯಾರೂ ಮುಟ್ಟಿರಲಿಲ್ಲ, ಬರೀ ಕರೆಂಟಿನ ಸೆಳೆತ. ಟಿವಿ ಮಂಕಾದರೆ ಏರಿಸುವವನು ನಾನು, ಇನ್ನಷ್ಟು ಏರಿಸಿದೆ. ಗೋಪುರ ನಡುಗಿ ಎರಡಾಗಿ ಸೀಳಿತು.

"ಇದು ನಿನ್ನ ಟಿವಿ ಅಲ್ಲ ಕಣಪ್ಪ, ಇಳಿಸು!"

ಇಳಿಸಿದೆ. ಅವರು ಸಿರಿಂಜಿನಿಂದ ಬರುವ ಸ್ಪಿರಿಟ್ಟನ್ನೂ ತೀರ ಕಡಿಮೆ ಮಾಡಿದರು. ಗೋಪುರ ಗಾಜಿನಂತೆ ನಿಂತಿತು. ಆದರೆ ಅದರೊಳಗೆ... ಪೌಡರಿನ ಕಣಗಳು ಅಂಚು ಹಿಡಿದು ಮೊನೆಯ ಕಡೆ ಧಾವಿಸುತ್ತಿದ್ದವು. ನಡುವಿನವು ಮೇಲಕ್ಕೆ ಏರುತ್ತಿದ್ದವು!

ಕಣ್ಣುಜ್ಜಿಕೊಂಡೆ. ಮೇಲಿನಿಂದ ಬಿಟ್ಟದ್ದು, ಕೆಳಕ್ಕೆ ಎಳೆದದ್ದು ಮೇಲಕ್ಕೆ ಹೋಗುವುದುಂಟೇ? ಓದದವನು ಏನೋ ಒದರಿದ ಎಂದಾರೆಂದು ಅಳುಕಿದೆ. ಆದರೆ ಅವರು ನನ್ನ ಕಣ್ಣನ್ನು ನಂಬಿ ಕೂತಿದ್ದರು. ಕಂಡದ್ದನ್ನು ನುಂಗುವ ಜಾತಿಯವನೂ ನಾನಲ್ಲ.

"ಬೈಬೇಡಿ ಮಿಸ್. ಅಂಚಲ್ಲಿ ಇಳೀತಿದೆ. ನಡುವೆ... ವಾಪಸ್ ಮೇಲಕ್ಕೆ ಹೋಗ್ತಿದೆ."

ಅವರು ಕುರ್ಚಿಯ ತುದಿಗೆ ಜರುಗಿದರು. "ಇನ್ನೊಂದ್ಸಲ ಹೇಳು."

"ಮೊನೆವರೆಗೆ ಹೋಗಿದ್ದೆಲ್ಲ ಹೊರಗೆ ಹೋಗ್ತಿಲ್ಲ. ತಿರುಗಿ ನಡುವಿಂದ ಏರಿ, ಮತ್ತೆ ಅಂಚಿಗೆ ಬರ್ತಿದೆ. ಸುತ್ತುತ್ತಾ ಇದೆ ಮಿಸ್!"

"ಅಪ್ಪಾಡಾ..." ಎಂದು ತಮ್ಮ ಮನೆಮಾತು ತಮಿಳಿನಲ್ಲಿ ಉಸಿರು ಬಿಟ್ಟು ಕುರ್ಚಿಗೊರಗಿದರು. ಸೆಳೆತವೆಲ್ಲ ಹನಿಯ ಮೈಮೇಲೆ, ಮೈ ಜೊತೆಗೆ ಒಳಗಿನದನ್ನೂ ಎಳೆದೊಯ್ಯುತ್ತದೆ, ಮೊನೆ ಬಿಡುವುದು ಸ್ವಲ್ಪವನ್ನೇ, ಉಳಿದದ್ದು ನಡುವಿನ ದಾರಿಯಿಂದ ಹಿಂದಿರುಗುತ್ತದೆ ಎಂದು ಆಮೇಲೆ ವಿವರಿಸಿದರು. ತಾವೂ ಲೆನ್ಸಿಗೆ ಬಾಗಿ, ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು.

"ಅಂಚು ನನಗೂ ಕಾಣ್ತಿದೆ. ನಡು ನೀನು ನೋಡಿದ್ಯಲ್ಲ, ಸಾಕು."

ಅವರು ಹೋಗಿ ವರ್ಷಗಳಾದವು. ಆ ಮನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು.

ಹೋದ ವಾರದ ಟಿವಿ ಆರಿಸಿದಾಗ ಚಿತ್ರವೆಲ್ಲ ಕುಗ್ಗಿ, ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿಯಿತು. ಅದೂ ಆರುವವರೆಗೆ ನೋಡುತ್ತ ನಿಂತೆ... ನಡುವೆ ಏನು ಕಾಣ್ತಿದೆ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.