ಸುಬ್ಬಮ್ಮ ಇದ್ದು ಬಿಟ್ಟ ಮನೆಗಳು

ಸುಬ್ಬಮ್ಮನ ಗಂಡ ಪುಟ್ಟಸ್ವಾಮಿಗೆ ಹಳೇ ಮನೆಗಳ ಹುಚ್ಚು. ಹಿರೀಸಾವೆಯ ಹೊಲ ತಮ್ಮನಿಗೆ ಬಿಟ್ಟು ಹಾಸನಕ್ಕೆ ಬಂದವನು ಮೇಸ್ತ್ರಿ ಕೆಲಸ ಕಲಿತ, ಆಮೇಲೆ ತನ್ನದೇ ದಾರಿ ಹಿಡಿದ. ಬೀಳುವ ಹಾಗಿದ್ದ ಮನೆ ಕೊಳ್ಳೋದು, ಅದರಲ್ಲೇ ಒಲೆ ಹೂಡಿಕೊಂಡು ರಿಪೇರಿ ಮಾಡೋದು, ಮನೆ ಮನೆಯಂತೆ ಕಂಡ ಮೇಲೆ ಮಾರಿ ಮುಂದಿನ ಊರಿಗೆ ಗಂಟುಮೂಟೆ ಕಟ್ಟೋದು. ಸೂರು ಸೋರುವಷ್ಟು ದಿನ ಸುಬ್ಬಮ್ಮ. ಸೋರುವುದು ನಿಂತ ಮೇಲೆ ಬೇರೆಯವರು.

ಮಗಳು ಅನುಶ್ರೀಯ ಧಾರೆ ನಡೆದದ್ದು ಅರಕಲಗೂಡಿನ ಮನೆಯಂಗಳದಲ್ಲಿ. ಅವಳು ಬಾಣಂತನಕ್ಕೆ ಬರುವ ಹೊತ್ತಿಗೆ ಆ ಬಾಗಿಲಲ್ಲಿ ಇನ್ಯಾರದೋ ಚಪ್ಪಲಿಗಳಿದ್ದವು.

"ಈಗ ನನ್ ತವರು ಯಾವೂರವ್ವಾ?" ಎಂದು ಮಗಳು ನಗುತ್ತಲೇ ಕೇಳಿದಳು. ಸುಬ್ಬಮ್ಮನಿಗೆ ನಗು ಬರಲಿಲ್ಲ.

ತೊಂಬತ್ತೆಂಟರ ಬೇಸಿಗೆಯಲ್ಲಿ ಹೊಳೆನರಸೀಪುರದಲ್ಲಿ, ಹೊಳೆಗೆ ಹತ್ತಿರದ ಮನೆ ಸಿಕ್ಕಿತು. ಗೋಡೆ ಗಟ್ಟಿ. ಆದರೆ ಹಾಲಿನ ಕೆಂಪು ನೆಲ ಉದ್ದಕ್ಕೂ ಬಿರಿದಿತ್ತು. ಹಾಸನದ ಲಾಡ್ಜೊಂದರಲ್ಲಿ ಕಾರ್ಪೆಟ್ ನೋಡಿ ಬಂದಿದ್ದ ಪುಟ್ಟಸ್ವಾಮಿ ಬೂದು ಬಣ್ಣದ ಒಂದು ತುಂಡು ತಂದು ಹಾಸಿದ.

"ಗ್ವಾಡೆಯಿಂದ ಗ್ವಾಡೆಗೆ ಹಾಸ್ಬುಟ್ರೆ ಬಿರುಕು ಯಾರ್ಗೂ ಕಾಣಾಕಿಲ್ಲ. ಒಳೀಕೆ ಕಾಲಿಟ್ಟೋರು ಆಹಾ ಅನ್ಬೇಕು, ಅಂಗೆ."

ಸುಬ್ಬಮ್ಮ ಅದರ ಮೇಲೆ ನಿಂತು ನೋಡಿದಳು. ಮೆತ್ತಗಿತ್ತು. "ಇದ್ನ ಸಾರ್ಸೋದೆಂಗೆ? ಎಲೆ ಆಕ್ಕೊಂಡು ಉಣ್ಣಾಗ ಸಾರು ಚೆಲ್ಲುದ್ರೆ? ವಳೆ ಕಡೆ ತೇವಕ್ಕೆ ಮುಗ್ಗುಲು ಇಡಿಯಾಕಿಲ್ವಾ?"

"ಇದು ಮಾರಾಕೆ ಕಣೇ, ನಾವಿರಾಕಲ್ಲ."

"ಕೊಂಡ್ಕಳೋರು ಇರಾಕೇ ತಾನೆ ಬರೋದು?"

ಪುಟ್ಟಸ್ವಾಮಿ ಹಟಮಾರಿಯಲ್ಲ. ಮಳೆಗಾಲದಲ್ಲಿ ಏನಾಗುತ್ತೋ ನೋಡೋಣವೆಂದು ತುಂಡನ್ನು ಅಲ್ಲೇ ಬಿಟ್ಟ. ಬೀದಿಯ ಧೂಳು, ಹಿತ್ತಲಿನ ಒದ್ದೆ ಕಾಲು ಎಲ್ಲ ಅದರ ಮೇಲೇ ಓಡಾಡಿದವು. ಶ್ರಾವಣದಲ್ಲಿ ಎತ್ತಿದರೆ ಅಡಿಯೆಲ್ಲ ಕಪ್ಪಗೆ ಬೂಷ್ಟು. ಮೂಗಿಗೆ ಹಿಡಿದು ಮುಖ ಕಿವುಚಿದ. "ಗೆದ್ದೆ ಬುಡು" ಎಂದ.

ಬಿರುಕು ಬಿಡಿಸಿ, ಕೆಂಪು ಪುಡಿ ಕಲೆಸಿದ ಸಿಮೆಂಟು ತುಂಬಿದರು. ಆಮೇಲಿನದು ಸುಬ್ಬಮ್ಮನ ಕೆಲಸ. ಮೊಣಕಾಲೂರಿ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ದಿನವೂ ಉಜ್ಜಿದಳು. ದೀಪಾವಳಿಯ ಹೊತ್ತಿಗೆ ಕಿಟಕಿಯ ಸರಳುಗಳು ನೆಲದಲ್ಲಿ ಕಾಣತೊಡಗಿದವು. ಮಧ್ಯಾಹ್ನ ಸೆರಗು ಹಾಸಿ ಅಲ್ಲೇ ಒರಗುತ್ತಿದ್ದಳು. ಯಾವ ಮನೆಯಲ್ಲೂ ಹತ್ತದ ನಿದ್ದೆ ಅಲ್ಲಿ ಹತ್ತುತ್ತಿತ್ತು. ಎದ್ದು ಎಡಕ್ಕೆ ತಿರುಗಿದರೆ ಅಡುಗೆಮನೆ, ಕಾಫಿ.

ಒಂದು ಸಂಜೆ ಬಾಯಿಬಿಟ್ಟು ಕೇಳಿದಳು. "ಇಲ್ಲೇ ಇದ್ಬುಡಾನಾ?"

"ಇದ್ನ ಮಾರ್ದಿದ್ರೆ ಮುಂದಿನ ಮನೆ ತಗಳಾದೆಂಗೆ?"

"ಮುಂದಿನ್ದು ಯಾಕೆ?"

ಅವನು ಬೀಡಿ ಹಚ್ಚಿ ಜಗಲಿಗೆ ಹೋದ. ಕೆಟ್ಟವನಲ್ಲ, ಕೆಲಸ ಮುಗಿದ ಮನೆಯಲ್ಲಿ ಅವನಿಗೆ ಕೈಕಾಲು ಆಡುತ್ತಿರಲಿಲ್ಲ, ಅಷ್ಟೆ.

ಮನೆ ನೋಡಲು ಬಂದವರಲ್ಲಿ ಹೈಸ್ಕೂಲು ಮೇಡಂ ಪ್ರಿಯಂವದಾ ಒಬ್ಬರು. ಗೋಡೆ ತಟ್ಟಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಸುಮ್ಮನೆ ನಿಂತರು. "ಎಷ್ಟು ತಂಪಾಗಿದೆ! ನಮ್ಮ ತಾತನ ಮನೆ ನೆನಪಾಯ್ತು. ಇದೇ ಆಗಲಿ" ಎಂದರು. ಹೊಳಪು ಬರಿಸಿದ ಕೈಗಳನ್ನು ಸೆರಗಲ್ಲಿ ಸುತ್ತಿಕೊಂಡು ಸುಬ್ಬಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಆ ನೆಲ ಅಷ್ಟು ಚೆನ್ನಾಗಿ ಆಗದೇ ಇದ್ದಿದ್ದರೆ ಅಂತ ಒಂದು ಕ್ಷಣ ಅನ್ನಿಸಿತು.

ಆಮೇಲೆ ಚನ್ನರಾಯಪಟ್ಟಣದಲ್ಲಿ ಒಂದು ಮನೆ, ಅದೂ ಹೋಯಿತು. ಎರಡು ಸಾವಿರದ ಆರರಲ್ಲಿ ಪುಟ್ಟಸ್ವಾಮಿಯ ಮಂಡಿ ಸೋತು, ಹಾಸನದಲ್ಲಿ ಯಾರೋ ಕಟ್ಟಿಸಿದ್ದ ಟೈಲ್ಸ್ ಮನೆ ಕೊಂಡು ನೆಲೆಯೂರಿದರು. ಯಾರೂ ಮಾರುವುದಿಲ್ಲ ಅದನ್ನು. ಅನುಶ್ರೀಯ ಮಕ್ಕಳು ರಜೆಗೆ ಬಂದು ಅಜ್ಜಿ ಮನೆ ಅನ್ನುತ್ತಾರೆ. ಸುಬ್ಬಮ್ಮನಿಗೆ ಅದು ಸಂತೋಷವೇ.

ಆದರೆ ಮುಂಜಾನೆ ಕಣ್ಣುಜ್ಜಿಕೊಂಡು ಕಾಫಿಗೆಂದು ಎದ್ದವಳು ಇವತ್ತಿಗೂ ಎಡಕ್ಕೆ ತಿರುಗುತ್ತಾಳೆ. ಈ ಮನೆಯ ಅಡುಗೆಮನೆ ಇರುವುದು ಬಲಕ್ಕೆ.