ಹನ್ನೆರಡು ನಿಮಿಷದ ಕೆಂಪು ದೀಪ

ನನ್ನ ಅಕ್ಕ ನಮ್ಮ ಲೂಥರನ್ ಮಿಶನ್ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ನಾನು ಅದೇ ಕಾಲೇಜಿನ ಮೈಕಿನವನು. ಆದೇಶಪತ್ರದಲ್ಲಿ ‘ಧ್ವನಿ ತಂತ್ರಜ್ಞ’ ಎಂದಿದೆ. ನಿಜದಲ್ಲಿ, ಮೈಕು ಕೀ ಎಂದಾಗ ಇಡೀ ಪ್ರಾರ್ಥನಾಮಂದಿರ ತಿರುಗಿ ನೋಡುವ ಮುಖ ನನ್ನದು, ಅಷ್ಟೇ.

ಅಕ್ಕ ಕುಳ್ಳಿ, ಮಾತು ಚುರುಕು. ಹನ್ನೊಂದು ವರ್ಷದಿಂದ ಗಾಜಿನ ನಳಿಕೆ ತೊಳೆಯುತ್ತಾ, ಹುಡುಗರು ಒಡೆದದ್ದನ್ನು ಗುಡಿಸುತ್ತಾ, “ಬೆರಳು ಹತ್ತೂ ಇದೆಯಾ? ಸರಿ, ಹೋಗು” ಎನ್ನುತ್ತಾ ಬಂದವಳು. ಮನೆ ನೆನಪಾಗಿ ಅಳು ಬಂದ ಹಾಸ್ಟೆಲ್ ಹುಡುಗಿಯರು ಅವಳ ಸಿಂಕಿನ ಪಕ್ಕ ಬಂದು ನಿಲ್ಲುತ್ತಿದ್ದರು. ಅವಳು ಸಮಾಧಾನ ಹೇಳುತ್ತಿರಲಿಲ್ಲ. ಬಟ್ಟೆ ಕೊಟ್ಟು ನಳಿಕೆ ಒರೆಸಲು ಹಚ್ಚುತ್ತಿದ್ದಳು. ಒರೆಸುತ್ತಾ ಮಾತು, ಕೊನೆಗೊಂದು ಪುಟ್ಟ ಪ್ರಾರ್ಥನೆ. ವಿದ್ಯಾರ್ಥಿಗಳ ಕಷ್ಟಸುಖ ಕೇಳಿ ಪ್ರಾರ್ಥಿಸುವ ಕಾಲೇಜಿನ ‘ಕ್ಯಾಂಪಸ್ ಸೇವೆ’ಯ ಅರ್ಧ ಅಲ್ಲೇ ನಡೆದುಹೋಗುತ್ತಿತ್ತು.

ಆ ಸೇವೆ ನಡೆಸುವ ಸಮಿತಿಯಲ್ಲಿ ಮಾತ್ರ ಬಹುಕಾಲ ಹೆಂಗಸರಿಗೆ ಹೂವು ಜೋಡಿಸುವ ಕೆಲಸವೇ ಗತಿ. ಮೊದಲು ಹಾಸ್ಟೆಲ್ ವಾರ್ಡನ್ ಸದಸ್ಯರಾದರು, ಆಮೇಲೆ ಗಣಿತದ ಮೇಡಂ, ಆಮೇಲೆ ಅಕ್ಕ. ಈ ವರ್ಷ ಮುಖ್ಯಸ್ಥರ ಕುರ್ಚಿ ಖಾಲಿಯಾದಾಗ ವಾರ್ಡನ್ ಅಕ್ಕನ ಹೆಸರು ಹೇಳಿಯೇಬಿಟ್ಟರು. ಸಮಿತಿಯ ಹಿರಿಯ ಪಾದ್ರಿಗಳು ಗಲ್ಲ ಕೆರೆದುಕೊಂಡು, “ಬುಧವಾರದ ಆರಾಧನೆಯಲ್ಲಿ ಪ್ರಸಂಗ ಮಾಡ್ಲಿ. ಕೇಳಿ ತೀರ್ಮಾನ ಮಾಡೋಣ” ಎಂದರು.

ನಮ್ಮಲ್ಲಿ ಪ್ರಸಂಗ, ಅಂದರೆ ಬೈಬಲ್ ಉಪದೇಶ, ಹನ್ನೆರಡೇ ನಿಮಿಷ, ತರಗತಿಗೆ ತಡವಾಗಬಾರದು. ಪ್ರಸಂಗಪೀಠದ ಒಳಗೊಂದು ಪುಟ್ಟ ಕೆಂಪು ದೀಪವಿದೆ. ಹೊತ್ತು ಮೀರಿದಾಗ ಅದನ್ನು ಹೊತ್ತಿಸುವುದು ನನ್ನ ಜವಾಬ್ದಾರಿ. ಇದುವರೆಗೆ ಯಾರೂ ಅದಕ್ಕೆ ಕ್ಯಾರೇ ಅಂದವರಲ್ಲ. ಹಿರಿಯ ಪಾದ್ರಿಗಳಂತೂ ಕರವಸ್ತ್ರ ತೆಗೆದು, ಮಗುವಿಗೆ ಹೊದಿಸುವಷ್ಟು ಅಕ್ಕರೆಯಿಂದ ದೀಪಕ್ಕೆ ಹೊದಿಸಿ ಮುಂದುವರಿಸುತ್ತಿದ್ದರು.

ಬುಧವಾರ ಬೆಳಿಗ್ಗೆ ಮೈಕು ಸರಿಮಾಡುತ್ತಾ, “ಅಕ್ಕಾ, ಹೆದರ್ಬೇಡ” ಎಂದೆ.

“ಮೊದ್ಲು ನೀನು ನಡುಗೋದು ನಿಲ್ಸು. ವೈರೆಲ್ಲ ಅಲ್ಲಾಡ್ತಿದೆ.”

ಪ್ರಸಂಗಿ ಬಾಯಿ ತೆರೆದಾಗ ನಾನು ನಿಮಿಷ ಎಣಿಸುವ ಗಡಿಯಾರದ ಗುಂಡಿ ಒತ್ತಬೇಕು. ಗಾಬರಿಯಲ್ಲಿ ಅದಕ್ಕೂ ಮೊದಲಿನ ಹಾಡು ಶುರುವಾದಾಗಲೇ ಒತ್ತಿಬಿಟ್ಟೆ. ನಾಲ್ಕು ಚರಣ, ಏಳು ನಿಮಿಷ. ಅಕ್ಕ ಐದು ನಿಮಿಷ ಮಾತಾಡಿದ್ದಳು, ಅಷ್ಟರಲ್ಲಿ ಗಡಿಯಾರ ಹನ್ನೆರಡು ತೋರಿಸಿತು. ನಾನು ನಿಷ್ಠೆಯಿಂದ ದೀಪ ಹೊತ್ತಿಸಿದೆ. ಹೊತ್ತಿಸಿದ ಮೇಲೆ ಬುದ್ಧಿ ಬಂತು. ಪಟ್ಟನೆ ಆರಿಸಿದೆ. ತಡವಾಗಿತ್ತು.

ಅಕ್ಕ ಬೈಬಲ್ ಮುಚ್ಚಿದಳು. “ದೀಪ ಹತ್ತಿತು, ನನ್ನ ಮಾತು ಮುಗೀತು. ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆ, ಅದು ನಿಮ್ದು. ಯಾರ ಮನಸ್ಸಲ್ಲಿ ಏನು ಭಾರ ಇದೆಯೋ ಹೇಳಿ. ಒಟ್ಟಿಗೆ ಪ್ರಾರ್ಥಿಸೋಣ.”

ಒಡಹುಟ್ಟಿದವಳ ಕುರ್ಚಿಯನ್ನು ಕೈಯಾರೆ ಎಳೆದುಹಾಕಿದೆನಲ್ಲ ಎಂದು ನಾನು ಮೈಕಿನ ಡಬ್ಬದ ಹಿಂದೆ ಅಡಗಿ ಕೂತೆ.

ಆಗ ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದಳು. “ನಂಗೆ ಇಲ್ಲಿ ಯಾರೂ ಗೊತ್ತಿಲ್ಲ. ಊಟಕ್ಕೂ ಒಬ್ಳೇ ಕೂತ್ಕೋತೀನಿ.”

“ಅಯ್ಯೋ, ನಮ್ಮ ಟೇಬಲ್ಲಿಗೆ ಬಾರೇ!” ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಎಲ್ಲರೂ ನಕ್ಕರು. ಆ ನಗು ಬಾಗಿಲು ತೆರೆದಂತಾಯಿತು. ಪರೀಕ್ಷೆಯ ಭಯ ಒಬ್ಬನದು, ಅಮ್ಮನ ಕಾಯಿಲೆ ಇನ್ನೊಬ್ಬನದು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹಿರಿಯ ಪಾದ್ರಿಗಳ ಕರವಸ್ತ್ರ ಅಂದು ಮೊದಲ ಬಾರಿಗೆ ಅವರ ಕಣ್ಣಿಗೇ ಬಳಕೆಯಾಯಿತು.

ಮಧ್ಯಾಹ್ನ ಸಮಿತಿಯಲ್ಲಿ ಅಕ್ಕನ ಪರವಾಗಿ ಅವರೇ ಮೊದಲು ಕೈ ಎತ್ತಿದರಂತೆ: “ಆ ದೀಪಕ್ಕೆ ಮರ್ಯಾದೆ ಕೊಟ್ಟೋರು ಇವರೊಬ್ರೇ. ನಾನೂ ಕೊಟ್ಟಿಲ್ಲ.”

ನಾನು ಸಿಂಕಿನ ಪಕ್ಕ ಹೋಗಿ ತಪ್ಪೊಪ್ಪಿಕೊಂಡೆ.

“ಗೊತ್ತು ಕಣೋ. ಐದು ನಿಮಿಷ ಯಾವುದು, ಹನ್ನೆರಡು ಯಾವುದು ಅಂತ ತಿಳೀದೆ ಪ್ರಯೋಗಾಲಯದಲ್ಲಿ ಇದೀನಾ?”

“ಮತ್ತೆ ಯಾಕೆ ನಿಲ್ಸಿದೆ?”

“ಬರೆದಿಟ್ಟಿದ್ದೆಲ್ಲ ಗಾಬರೀಲಿ ಐದೇ ನಿಮಿಷಕ್ಕೆ ಖಾಲಿ ಆಗೋಗಿತ್ತು! ದೇವರೇ ದಾರಿ ತೋರಿಸು ಅಂತಿದ್ದೆ. ನೀನು ದೀಪ ಹಚ್ಚಿದೆ.” ಎಂದವಳೇ ನನ್ನ ಕೈಗೆ ಬಟ್ಟೆ ಕೊಟ್ಟಳು. “ಒರೆಸು.”

ಮುಖ್ಯಸ್ಥೆಯಾಗಿ ಅವಳ ಮೊದಲ ಆಜ್ಞೆ: ದೀಪದ ಸ್ವಿಚ್ಚು ಇನ್ನು ಆ ಮೊದಲ ವರ್ಷದ ಹುಡುಗಿಯದು. ನನಗೆ ವೈರು ಸುತ್ತುವ ಕೆಲಸ ಉಳಿಯಿತು. ಕಳೆದ ಬುಧವಾರ ಪ್ರಸಂಗದ ನಡುವೆ ದೀಪ ಹೊತ್ತಿದಾಗ ಹಿರಿಯ ಪಾದ್ರಿಗಳ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಹುಡುಗಿ ದೀಪವನ್ನು ಮೂರು ಸಲ ಮಿನುಗಿಸಿದಳು. ಕರವಸ್ತ್ರ ಇದ್ದಲ್ಲಿಯೇ ಉಳಿಯಿತು.